ಎರವಲು ತಂದ ಹೆಪ್ಪು

ಮನೆಯಲ್ಲಿ ಹೆಪ್ಪು ತೀರಿದ ದಿನ ನೆರೆಮನೆಯಿಂದ ಒಂದು ಚಮಚ ಮೊಸರು ತರುವುದು ನಮ್ಮಲ್ಲಿ ಹಳೆಯ ರೂಢಿ. ಹಾಲು ನಮ್ಮದು, ಪಾತ್ರೆ ನಮ್ಮದು. ಮೊಸರಿಗೆ ಬರುವ ರುಚಿ ಮಾತ್ರ ಬಹುಮಟ್ಟಿಗೆ ಆ ಹೆಪ್ಪಿನದು. ನಾಳೆಗೆಂದು ಒಂದಿಷ್ಟು ತೆಗೆದಿಟ್ಟರೆ ಮತ್ತೆ ಕೇಳುವ ಪ್ರಮೇಯವಿಲ್ಲ. ಮರೆತರೆ ದಿನವೂ ಅದೇ ಕದ ತಟ್ಟಬೇಕು. ಬೆಂಗಳೂರಿನ ನಿಸ್ತಂತು ಉದ್ಯಮದ ಚರಿತ್ರೆಯನ್ನು ಓದುವಾಗ ನನಗೆ ಈ ಹೆಪ್ಪಿನ ನೆನಪಾಗುತ್ತದೆ.

ಜಯನಗರ, ಬನಶಂಕರಿಗಳ ಬೀದಿ ಮೂಲೆಗಳಲ್ಲಿ ಬೆಳಗಿನ ಜಾವವೇ ಊಟದ ಡಬ್ಬಿ ಹಿಡಿದು ಕಾರ್ಖಾನೆಯ ಬಸ್ಸಿಗೆ ಕಾಯುತ್ತಿದ್ದವರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಅವರಲ್ಲಿ ಕೆಲವರು ಊರಿನ ಇನ್ನೊಂದು ತುದಿಯ ಜಾಲಹಳ್ಳಿಗೆ, ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಹೋಗುವವರು. ಜನರ ಬಾಯಲ್ಲಿ ಬಿ.ಇ.ಎಲ್. ಎಂದೇ ಪ್ರಸಿದ್ಧವಾದ ಈ ಸಂಸ್ಥೆ ಹುಟ್ಟಿದ್ದು 1954ರಲ್ಲಿ, ರಕ್ಷಣಾ ಸಚಿವಾಲಯದ ಆಶ್ರಯದಲ್ಲಿ, ಫ್ರಾನ್ಸಿನ ಸಿ.ಎಸ್.ಎಫ್. ಸಂಸ್ಥೆಯ ಸಹಯೋಗದಿಂದ. ಸೈನ್ಯಕ್ಕೆ ಬೇಕಾದ ನಿಸ್ತಂತು ಉಪಕರಣಗಳಿಗೆ ಪರದೇಶದ ಕೈ ಕಾಯುವುದು ತಪ್ಪಬೇಕೆಂಬುದೇ ಉದ್ದೇಶವಾಗಿತ್ತು.

ಹೆಪ್ಪು ಕೊಟ್ಟ ಆ ಮನೆಯೂ ಹಕ್ಕುಗಳ ಕೊಡುಕೊಳೆಯಲ್ಲಿಯೇ ಬೆಳೆದದ್ದು. ಪೇಟೆಂಟ್ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ತೆರೆದಿರುವುದು ಎಂದು ಅದರ ಅರ್ಥ. ಅರಸರು ಬಹಿರಂಗವಾಗಿ ಹೊರಡಿಸುತ್ತಿದ್ದ ಸನ್ನದು ಅದು. ಗುಡಿಯ ಮುಂದೆ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದ ನಮ್ಮ ದಾನಶಾಸನದ ಜಾತಿಯದೇ ಎನ್ನಬಹುದು. ತನ್ನ ಉಪಜ್ಞೆಯ ಗುಟ್ಟನ್ನು ಲೋಕಕ್ಕೆ ತೆರೆದಿಟ್ಟವನಿಗೆ ಗೊತ್ತಾದ ಅವಧಿಯವರೆಗೆ ಅದರ ಏಕಸ್ವಾಮ್ಯ ದೊರೆಯುತ್ತದೆ.

ಮಾರ್ಕೋನಿ 1896ರಲ್ಲಿ ಲಂಡನ್ನಿನಲ್ಲಿ ಇಂಥ ಹಕ್ಕಿಗೆ ಅರ್ಜಿ ಹಾಕಿ, ಮರುವರ್ಷವೇ ಕಂಪನಿ ಕಟ್ಟಿದನು. ಹಡಗುಗಳಿಗೆ ಯಂತ್ರಗಳನ್ನು ಮಾರದೆ ಬಾಡಿಗೆಗೆ ಕೊಡುವುದು, ಪರರ ಯಂತ್ರ ಹೊತ್ತ ಹಡಗುಗಳೊಡನೆ ಮಾತನ್ನೇ ಆಡದಿರುವುದು ಆ ಕಂಪನಿಯ ನೀತಿಯಾಗಿತ್ತು. ಆದರೆ ರೇಡಿಯೊ ಎಂಬುದು ಒಬ್ಬನ ಬುದ್ಧಿಯಿಂದ ಆಗುವ ವಸ್ತುವೆ? ವಾಲ್ವಿನ ಹಕ್ಕು ಒಬ್ಬರದು, ಸರ್ಕ್ಯೂಟಿನ ಹಕ್ಕು ಇನ್ನೊಬ್ಬರದು. ಕೊನೆಗೆ 1921ರಲ್ಲಿ ಮಾರ್ಕೋನಿ ಕಂಪನಿ, ಅಮೆರಿಕದ ಆರ್.ಸಿ.ಎ., ಜರ್ಮನಿಯ ಟೆಲಿಫುಂಕೆನ್ ಮತ್ತು ಇದೇ ಸಿ.ಎಸ್.ಎಫ್. ದಕ್ಷಿಣ ಅಮೆರಿಕದ ವ್ಯವಹಾರಕ್ಕಾಗಿ ತಮ್ಮ ಹಕ್ಕುಗಳನ್ನು ಒಟ್ಟುಗೂಡಿಸಿದವು. ನಿಸ್ತಂತು ಲೋಕದಲ್ಲಿ ಯಂತ್ರದಷ್ಟೇ ಒಪ್ಪಂದವೂ ಮುಖ್ಯವೆಂಬುದು ಆ ವೇಳೆಗೆ ಸಿದ್ಧವಾಗಿತ್ತು.

ಜಾಲಹಳ್ಳಿಯಲ್ಲಿ ಕೆಲಸ ಚುರುಕಾಗಿಯೇ ಸಾಗಿತು. 1956ರಲ್ಲಿ ಸಂಪರ್ಕೋಪಕರಣಗಳು, 1961ರಲ್ಲಿ ರೇಡಿಯೊ ವಾಲ್ವುಗಳು, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳು, 1964ರಲ್ಲಿ ಆಕಾಶವಾಣಿಗೆ ಪ್ರೇಷಕಗಳು ಇಲ್ಲಿ ತಯಾರಾದವು.

ಇದರ ಪಕ್ಕದಲ್ಲಿ ಜಪಾನಿನ ಒಂದು ಕಥೆಯನ್ನಿಟ್ಟು ನೋಡಬೇಕು. ಮುಂದೆ ಸೋನಿ ಎಂದು ಹೆಸರಾದ ಟೋಕಿಯೊದ ಸಣ್ಣ ಕಂಪನಿಯೊಂದು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯಿಂದ 25,000 ಡಾಲರಿಗೆ ಟ್ರಾನ್ಸಿಸ್ಟರಿನ ಹಕ್ಕನ್ನು ಪಡೆಯಿತು. ಅದಕ್ಕೆ ಜಪಾನ್ ಸರ್ಕಾರದ ಅನುಮತಿ ದೊರೆತದ್ದೂ 1954ರಲ್ಲಿಯೇ. ಸಿಕ್ಕಿದ್ದು ಹಕ್ಕು ಮಾತ್ರ, ತಯಾರಿಸುವ ವಿಧಾನವಲ್ಲ. ಕಿವುಡರ ಶ್ರವಣಸಾಧನ ಮಾಡಿಕೊಳ್ಳಿರೆಂದು ಕೊಟ್ಟವರ ಸಲಹೆ. ಇವರು ರೇಡಿಯೊ ಮಾಡಲು ಹಟ ತೊಟ್ಟು, ಹೆಚ್ಚಿನ ಕಂಪನಾಂಕಕ್ಕೆ ಒಗ್ಗುವ ಟ್ರಾನ್ಸಿಸ್ಟರನ್ನು ತಾವೇ ಹುಡುಕಿ, 1955ರಲ್ಲಿ ರೇಡಿಯೊವನ್ನು ಅಂಗಡಿಗೆ ತಂದರು. ಆ ಹುಡುಕಾಟದ ನಡುವೆಯೇ ಅಲ್ಲಿನ ಲಿಯೊ ಎಸಾಕಿ 1957ರಲ್ಲಿ ಕಂಡ ಸಂಗತಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಹಾಗೆಂದು ನಮ್ಮವರನ್ನು ದೂರುವುದು ನ್ಯಾಯವಲ್ಲ. ಗಡಿ ಕಾಯುವ ಸೈನಿಕನಿಗೆ ನಾಳೆಯೇ ಯಂತ್ರ ಬೇಕು. ಪ್ರಯೋಗ ಫಲಿಸುವವರೆಗೆ ಅವನು ಕಾಯಲಾರ. ಸೋನಿಗೆ ಸಾವಿರಾರು ಗಿರಾಕಿಗಳನ್ನು ಒಲಿಸಿಕೊಳ್ಳಬೇಕಿತ್ತು, ಬಿ.ಇ.ಎಲ್.ಗೆ ಮುಖ್ಯ ಗಿರಾಕಿ ಸರ್ಕಾರ. ಸಿದ್ಧ ನಕ್ಷೆಯಿಂದ ‘ಹೇಗೆ’ ಎಂಬುದು ಬೇಗ ತಿಳಿಯುತ್ತದೆ. ‘ಏಕೆ’ ಎಂಬುದನ್ನು ಬೇರೆಯಾಗಿ ದುಡಿದು ಗಳಿಸಬೇಕು. ಬಿ.ಇ.ಎಲ್. ಆ ದುಡಿಮೆಗೂ ಕೈಹಾಕಿತು. 1966ರಲ್ಲಿ ರೇಡಾರ್ ತಯಾರಿಕೆಯ ಜೊತೆಗೆ ಸ್ವಂತ ಸಂಶೋಧನಾ ವಿಭಾಗವೂ ಅಲ್ಲಿ ಬಂದಿತು. ಮುಂದೆ ಬೆಂಗಳೂರಿನದೇ ರಕ್ಷಣಾ ಪ್ರಯೋಗಾಲಯ ರೂಪಿಸಿದ ‘ಇಂದ್ರ’ ರೇಡಾರನ್ನು ಬಿ.ಇ.ಎಲ್. ತಯಾರಿಸಿತು. ಹೆಪ್ಪು ನಮ್ಮ ಮನೆಯಲ್ಲಿಯೇ ಉಳಿಯತೊಡಗಿತು.

ಆದರೂ ಮೊದಲ ಒಪ್ಪಂದದ ಗುರುತು ಅಳಿಯಲಿಲ್ಲ. ಸೈನ್ಯದ ಉಪಕರಣಗಳೇ ಇಂದಿಗೂ ಅದರ ಮುಖ್ಯ ಕಸುಬು. ಸಿ.ಎಸ್.ಎಫ್. 1968ರಲ್ಲಿ ಥಾಮ್ಸನ್ ಸಂಸ್ಥೆಯೊಡನೆ ಬೆರೆತು, 2000ದಲ್ಲಿ ಥೇಲ್ಸ್ ಎಂಬ ಹೆಸರು ತಾಳಿತು. ಆ ಥೇಲ್ಸ್ ಸಂಸ್ಥೆಯೇ 2014ರಲ್ಲಿ ಬಿ.ಇ.ಎಲ್. ಜೊತೆಗೂಡಿ ಬೆಂಗಳೂರಿನಲ್ಲಿ ಒಂದು ಕಂಪನಿಯನ್ನು ಕಟ್ಟಿತು. ಅರುವತ್ತು ವರ್ಷಗಳ ಬಳಿಕ ಅದೇ ನೆರೆಮನೆ! ಆದರೆ ಈ ಬಾರಿ ದೊಡ್ಡ ಪಾಲು ನಮ್ಮವರದು.

ಇಂದು ಜೆ.ಪಿ. ನಗರದಲ್ಲಿಯೋ ಬಿ.ಟಿ.ಎಂ. ಬಡಾವಣೆಯಲ್ಲಿಯೋ ಬಾಡಿಗೆಯ ಮಹಡಿಯಲ್ಲಿ ಕುಳಿತು ಹೊಸ ಕಂಪನಿ ಕಟ್ಟುವ ತರುಣರು ಪರವಾನಗಿಗೆ ಸಹಿ ಹಾಕುವಾಗ ಸಾಮಾನ್ಯವಾಗಿ ಶುಲ್ಕದ ಅಂಕಿಯನ್ನೇ ನೋಡುತ್ತಾರೆ. ಯಾವ ದೇಶದಲ್ಲಿ ಮಾರಬಹುದು, ಯಾವ ವಸ್ತುವಿಗೆ ಬಳಸಬಹುದು, ನಾವು ಸುಧಾರಿಸಿದ್ದು ಯಾರ ಸ್ವತ್ತಾಗುತ್ತದೆ ಎಂಬ ಷರತ್ತುಗಳು ಅದರ ಕೆಳಗೆ ಇರುತ್ತವೆ. ಶುಲ್ಕ ನಾಲ್ಕು ದಿನದಲ್ಲಿ ತೀರೀತು. ಷರತ್ತುಗಳು ಕಂಪನಿಯ ಜೊತೆಯಲ್ಲಿ ಬಹುಕಾಲ ಬಾಳುತ್ತವೆ. ಅವನ್ನು ಎರಡು ಸಲ ಓದುವುದು ಲೇಸು.