ಚೇತಕ್: ರಿಟೈರ್ ಆಗದ ಹೆಲಿಕಾಪ್ಟರ್

ಫೋರ್ಟ್ ಕೊಚ್ಚಿಯಲ್ಲಿ ಚೀನೀ ಬಲೆಗಳ ಹತ್ತಿರ ನಿಂತಾಗ ಎಷ್ಟೋ ಸಲ ತಲೆ ಮೇಲೆ ಹೆಲಿಕಾಪ್ಟರ್ ಸದ್ದು ಕೇಳುತ್ತೆ. ನೀರಿನಾಚೆ ವಿಲ್ಲಿಂಗ್ಡನ್ ದ್ವೀಪದಲ್ಲಿ ನೌಕಾಪಡೆಯ ವಿಮಾನ ನೆಲೆ ಐಎನ್‌ಎಸ್ ಗರುಡ ಇದೆ, 1953ರಿಂದಲೂ. ಆ ನೆಲೆಯ ಚೇತಕ್ ಹೆಲಿಕಾಪ್ಟರ್ ಮಾತ್ರ ನಮ್ಮೂರಿನ ಕಡೆಯದು, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದದ್ದು. ಇವತ್ತು ಅದರ ಕಥೆ.

ಮೂಲ ಫ್ರಾನ್ಸ್‌ನದು. ಅಲೂಯೆಟ್-3 ಅಂತ ಹೆಸರು, ಮೊದಲು ಹಾರಿದ್ದು 1959ರಲ್ಲಿ. ಒಂದೇ ಎಂಜಿನ್, ಪೈಲಟ್ ಸೇರಿ ಏಳು ಜನಕ್ಕೆ ಜಾಗ. ಆದರೆ ಆ ಎಂಜಿನ್ ಟರ್ಬೈನ್. ಹಳೇ ಪಿಸ್ಟನ್ ಎಂಜಿನ್‌ಗಿಂತ ಹಗುರ, ಗಾಳಿ ತೆಳುವಾಗಿರುವ ಎತ್ತರದಲ್ಲೂ ಕೈಕೊಡಲ್ಲ. 1960ರಲ್ಲಿ ಏಳು ಜನರನ್ನು ಹೊತ್ತು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಮೇಲೆ ಇಳಿದು ತೋರಿಸಿತು. ಹಿಮಾಲಯದ ಗಡಿ ಕಾಯುವ ದೇಶಕ್ಕೆ ಬೇಕಾಗಿದ್ದೂ ಇದೇ. 1962ರಲ್ಲಿ ಲೈಸೆನ್ಸ್ ಒಪ್ಪಂದ ಆಯ್ತು, 1965ರಲ್ಲಿ ಬೆಂಗಳೂರಿನ ಮೊದಲ ಹೆಲಿಕಾಪ್ಟರ್ ಹಾರಿತು. ಮುಂದೆ ಅದಕ್ಕೆ ರಾಣಾ ಪ್ರತಾಪನ ಕುದುರೆಯ ಹೆಸರು ಬಂತು. ಎಚ್‌ಎಎಲ್ ಮಾಡಿದ್ದು ಮುನ್ನೂರಕ್ಕೂ ಹೆಚ್ಚು.

ಆಮೇಲೆ ಅದು ಮಾಡದ ಕೆಲಸ ಇಲ್ಲ. 1971ರ ಡಿಸೆಂಬರ್ 3ರ ರಾತ್ರಿ ಬಾಂಗ್ಲಾ ವಿಮೋಚನಾ ಪಡೆಯ ‘ಕಿಲೋ ಫ್ಲೈಟ್’ ಅಲೂಯೆಟ್‌ಗೆ ರಾಕೆಟ್ ಕಟ್ಟಿಕೊಂಡು ನಾರಾಯಣಗಂಜ್‌ನ ತೈಲ ಡಿಪೋಗೆ ಬೆಂಕಿ ಇಟ್ಟಿತು. ನೌಕಾಪಡೆಯ ನೀಲಗಿರಿ ವರ್ಗದ ಯುದ್ಧನೌಕೆಗಳಲ್ಲಿ ಇದೇ ಹೆಲಿಕಾಪ್ಟರ್ ಜಲಾಂತರ್ಗಾಮಿಗಳ ಮೇಲೆ ಎಸೆಯೋ ಟಾರ್ಪಿಡೊ ಹೊತ್ತಿತು. ಸಮುದ್ರಕ್ಕೆ ಬಿದ್ದವರನ್ನು ಹಗ್ಗದಲ್ಲಿ ಎತ್ತೋದು, ಗಾಯಾಳುಗಳನ್ನು ಸ್ಟ್ರೆಚರ್‌ನಲ್ಲಿ ಸಾಗಿಸೋದು, ಹೊಸ ಪೈಲಟ್‌ಗಳಿಗೆ ಪಾಠ, ಎಲ್ಲಾ ಇದರ ಪಾಲಿಗೇ.

ನಮ್ಮ ಆಫೀಸುಗಳಲ್ಲೂ ಇಂಥದ್ದೊಂದು ಹಳೇ ಸಿಸ್ಟಮ್ ಇರುತ್ತಲ್ಲ? ಹತ್ತು ಕೆಲಸ ಅದರ ಮೇಲೆ ನಿಂತಿರುತ್ತೆ, ಅದಕ್ಕೇ ಯಾರೂ ತೆಗೆಯೋಕೆ ಮುಂದಾಗಲ್ಲ. ನಮ್ಮದು ಕೆಟ್ಟರೆ ರಾತ್ರಿ ಫೋನ್ ಬರುತ್ತೆ, ಅಷ್ಟೇ. ಇಲ್ಲಿ ಹಾಗಲ್ಲ.

2018ರ ಆಗಸ್ಟ್‌ನಲ್ಲಿ ನೌಕಾಪಡೆಗೆ 111 ಹೊಸ ಯುಟಿಲಿಟಿ ಹೆಲಿಕಾಪ್ಟರ್ ಕೊಳ್ಳಲು ರಕ್ಷಣಾ ಸ್ವಾಧೀನ ಮಂಡಳಿ ಒಪ್ಪಿಗೆ ಕೊಟ್ಟಿತು. ಐದು ವರ್ಷ ಕಳೆದರೂ ಗರುಡದಲ್ಲಿ ಚೇತಕ್ ಇದ್ದೇ ಇತ್ತು. 2023ರ ನವೆಂಬರ್ 4ರಂದು ಅಲ್ಲೇ, ನೆಲದ ಮೇಲೆ ನಿರ್ವಹಣಾ ತಪಾಸಣೆ ನಡೆಯುವಾಗ ಒಂದು ಚೇತಕ್ ಅಪಘಾತಕ್ಕೀಡಾಗಿ ನೆಲದ ಸಿಬ್ಬಂದಿಯೊಬ್ಬರು ತೀರಿಕೊಂಡರು. ಒಂದು ಅಪಘಾತಕ್ಕೆ ವಯಸ್ಸೇ ಕಾರಣ ಅನ್ನೋಕಾಗಲ್ಲ, ನಿಜ. ಆದರೆ 1950ರ ದಶಕದ ವಿನ್ಯಾಸವೊಂದರ ಕೆಳಗೆ 2023ರಲ್ಲೂ ನಮ್ಮವರು ನಿಂತು ಕೆಲಸ ಮಾಡುತ್ತಿದ್ದರು ಅನ್ನೋದೂ ಅಷ್ಟೇ ನಿಜ.

ಸೇನೆ ಮತ್ತು ವಾಯುಪಡೆಯ ಚೇತಕ್‌ಗಳ ಜಾಗಕ್ಕೆ ಎಚ್‌ಎಎಲ್ ರೂಪಿಸಿದ ಎಲ್‌ಯುಎಚ್ ಹೆಲಿಕಾಪ್ಟರ್ 2016ರಲ್ಲೇ ಬೆಂಗಳೂರಿನಲ್ಲಿ ಹಾರಿದೆ. ಅದಕ್ಕಾಗಿ ಗುಬ್ಬಿ ತಾಲ್ಲೂಕಿನಲ್ಲಿ ಕಟ್ಟಿದ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಚೇತಕ್ ಹುಟ್ಟಿದ್ದು ನಮ್ಮಲ್ಲಿ. ಅದಕ್ಕೆ ಗೌರವದ ನಿವೃತ್ತಿ ಕೊಡಿಸೋ ಜವಾಬ್ದಾರಿಯೂ ಈಗ ನಮ್ಮ ಕಡೆಯೇ ಇದೆ.