ವಿಲಿಯಂ ಮಿಲ್ಲರ್: ಹೊಲದಿಂದ ಬೋಧನಾಪೀಠಕ್ಕೆ

ಮಿಲ್ಲರ್ ಕುಟುಂಬ ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್‌ಗೆ ಬಂದದ್ದು 1786ರಲ್ಲಿ. ಹದಿನಾರು ಮಕ್ಕಳಲ್ಲಿ ಹಿರಿಯನಾದ ವಿಲಿಯಂಗೆ ಆಗ ನಾಲ್ಕು ವರ್ಷ. ಹಗಲೆಲ್ಲ ಹೊಲದ ಕೆಲಸ. ರಾತ್ರಿ ಮನೆಮಂದಿ ಮಲಗಿದ ಮೇಲೆ ಪೈನ್ ಮರದ ಗಂಟುಗಳನ್ನು ಒಲೆಗೆ ಒಡ್ಡಿ, ಆ ಬೆಳಕಿನಲ್ಲಿ ಹುಡುಗ ಓದುತ್ತಿದ್ದ.

1803ರಲ್ಲಿ ಲೂಸಿ ಸ್ಮಿತ್ ಅವರೊಡನೆ ಮದುವೆಯಾಯಿತು. 1814ರ ಪ್ಲಾಟ್ಸ್‌ಬರ್ಗ್ ಕದನದಲ್ಲಿ ಬ್ರಿಟಿಷರೆದುರು ಹೋರಾಡಿದ ಮಿಲ್ಲರ್, ಮರುವರ್ಷ ಲೋ ಹ್ಯಾಂಪ್ಟನ್‌ಗೆ ಮರಳಿ ಅಲ್ಲಿ ಮನೆ ಕಟ್ಟಿಸಿದರು. ಬೈಬಲ್ ಮತ್ತು ಅದರ ಪದಸೂಚಿ, ಇವೆರಡನ್ನೇ ಮುಂದಿಟ್ಟುಕೊಂಡು ಎರಡು ವರ್ಷ ಕುಳಿತರು. ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಎಣಿಸಿ, ಸುಮಾರು 1843ರ ಹೊತ್ತಿಗೆ ಕ್ರಿಸ್ತ ಮರಳಿ ಬರುವನೆಂದು ನಂಬಿದರು. ಆದರೂ ಬೋಧನೆಗೆ ನಿಲ್ಲಲು ಧೈರ್ಯ ಸಾಲದೆ ವರ್ಷಗಳೇ ಕಳೆದವು.

1831ರ ಆಗಸ್ಟ್‌ನ ಒಂದು ಶನಿವಾರ, ಯಾರಾದರೂ ಕರೆದರೆ ಹೋಗುವೆನೆಂದು ದೇವರಿಗೆ ಮಾತು ಕೊಟ್ಟರು. ಅರ್ಧ ಗಂಟೆಯೊಳಗೆ ಡ್ರೆಸ್ಡನ್ ಊರಿನಿಂದ ಸೋದರಳಿಯ ಕರೆಯಲು ಬಂದೇಬಿಟ್ಟ! ಉತ್ತರ ಕೊಡದೆ, ಕೊಟ್ಟ ಮಾತಿಗಾಗಿ ತಮ್ಮ ಮೇಲೆಯೇ ಸಿಟ್ಟಾಗಿ, ಮನೆಯ ಬಳಿಯ ಮೇಪಲ್ ತೋಪಿಗೆ ನಡೆದರು. ಪುಟ್ಟ ಮಗಳು ಹಿಂದೆಯೇ ಹೋದಳು. ಸುಮಾರು ಒಂದು ಗಂಟೆ ಪ್ರಾರ್ಥನೆಯಲ್ಲಿ ತೊಳಲಾಡಿ ಹೊರಬಂದಾಗ ಅವರು ಬೋಧಕರಾಗಿದ್ದರು. ಮಿಲ್ಲರ್ ಮನೆಯ ಆವರಣದಲ್ಲಿ ಮೊದಲು ನೋಡಬೇಕಾದ ಜಾಗ ಆ ತೋಪೇ.

ಅವರು ಊರೂರು ಸುತ್ತಿದಾಗ ಹೊಲ, ಮನೆ ನಡೆದದ್ದು ಲೂಸಿ ಮತ್ತು ಗಂಡುಮಕ್ಕಳ ದುಡಿಮೆಯಿಂದ.

ಮೊದಲು ಎಣಿಸಿದ ಸಮಯ ಕಳೆದ ಮೇಲೆ ಹೊಸದಾಗಿ ಗೊತ್ತಾದ ದಿನ, 1844ರ ಅಕ್ಟೋಬರ್ 22ರಂದು, ಸಾವಿರಾರು ಜನ ಕಾದರು. ಕ್ರಿಸ್ತ ಬರಲಿಲ್ಲ. ಎಣಿಕೆ ತಪ್ಪಿತೆಂದು ಒಪ್ಪಿದ ಮಿಲ್ಲರ್ ನಂಬಿಕೆ ಬಿಡಲಿಲ್ಲ; 1848ರಲ್ಲಿ ಮನೆಯ ಹತ್ತಿರವೇ ಪುಟ್ಟ ಪ್ರಾರ್ಥನಾಮಂದಿರ ಕಟ್ಟಿಸಿದರು. ಕಣ್ಣು ಮಂಜಾಗಿ, 1849ರ ಡಿಸೆಂಬರ್ 20ರಂದು ತೀರಿಕೊಂಡರು.