ಕಲ್ಮಲದ ಕವಲುದಾರಿಯೂ ಎಂಜಿನ್ನಿನ ದೀಪವೂ

ರಾಯಚೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟ ಮಾರ್ಗವು ಕಲ್ಮಲದಲ್ಲಿ ಕವಲೊಡೆದು, ಒಂದು ಶಾಖೆ ಮಾನವಿ, ಸಿಂಧನೂರುಗಳನ್ನು ಹಾದು ದೂರದ ಶಿಗ್ಗಾವಿಯ ಕಡೆಗೂ, ಇನ್ನೊಂದು ಗಬ್ಬೂರು, ದೇವದುರ್ಗಗಳ ಮೂಲಕ ಕೃಷ್ಣೆಯ ಮೇಲಣ ತಿಂಥಣಿ ಸೇತುವೆಯ ಕಡೆಗೂ ಸಾಗುವುದರಿಂದ, ಈ ಚಿಕ್ಕ ಗ್ರಾಮದ ಹೆಸರು ಎರಡು ರಾಜ್ಯ ಹೆದ್ದಾರಿಗಳ ಹೆಸರಿನೊಡನೆ ಬೆಸೆದುಕೊಂಡಿದೆ. ದಾರಿ ಕವಲೊಡೆಯುವಲ್ಲಿ ಗಾಡಿ ನಿಲ್ಲುತ್ತದೆ. ಗಾಡಿ ನಿಲ್ಲುವಲ್ಲಿ ಚಹದಂಗಡಿಯೂ, ಪಂಕ್ಚರ್ ಅಂಗಡಿಯೂ, ಕೆಟ್ಟುದನ್ನು ನೆಟ್ಟಗೆ ಮಾಡಬಲ್ಲವನೊಬ್ಬನೂ ಕಾಲಕ್ರಮದಲ್ಲಿ ಬಂದು ನೆಲೆಸುತ್ತಾರೆ. ಕೆಟ್ಟುದು ಏನೆಂಬುದನ್ನು ಮನುಷ್ಯನು ಯಾವ ಬಗೆಯಿಂದ ಅರಿತನು, ಆ ಅರಿವು ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬ ಚರಿತ್ರೆಯನ್ನು ಹೇಳುವುದಕ್ಕೆ ಇಂಥ ಕೂಡುದಾರಿಗಿಂತ ಅನುಕೂಲವಾದ ಸ್ಥಳವಿಲ್ಲ.

ರಾಯಚೂರಿಗೆ ಯಂತ್ರವು ಮೊದಲು ಬಂದುದು ಹಳಿಯ ಮೇಲೆ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಮಾರ್ಗವೂ ಮದರಾಸಿನ ಕಡೆಯಿಂದ ಬಂದ ಮಾರ್ಗವೂ ಈ ಪಟ್ಟಣದಲ್ಲಿಯೇ ಕೂಡಿದುವು. ಡಾಮರು ರಸ್ತೆಯ ಯುಗವು ಪ್ರಾರಂಭವಾಗಲು ಅನಂತರ ಬಹುಕಾಲ ಹಿಡಿಯಿತು. 1932ರಲ್ಲಿ ನಿಜಾಮ ಸರಕಾರವು ತನ್ನ ರೈಲ್ವೆಯ ಅಂಗವಾಗಿ 27 ಬಸ್ಸುಗಳನ್ನೂ 166 ಮಂದಿ ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿದಾಗ, ಆ ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವಾಗಿದ್ದುವು. ಹೈದರಾಬಾದು ಸಂಸ್ಥಾನದ ಈ ಪ್ರಾಂತದಲ್ಲಿ ಯಂತ್ರಶಾಸ್ತ್ರವು ದಖನಿ ಉರ್ದುವಿನ ಮುಖಾಂತರವೇ ಕನ್ನಡಿಗನಿಗೆ ದಕ್ಕಿತು. ಗುರುವನ್ನು ಉಸ್ತಾದನೆಂದು ಕರೆಯುವ ರೂಢಿಯೂ, ಸ್ಪ್ಯಾನರನ್ನು ಪಾನಾ ಎನ್ನುವ ರೂಢಿಯೂ ಇಂದಿಗೂ ಅಳಿದಿಲ್ಲ.

ಸ್ವಾತಂತ್ರ್ಯಾನಂತರದ ದಶಕದಲ್ಲಿ ಮೂರು ಸಂಗತಿಗಳು ಒಂದರ ಬೆನ್ನಿಗೊಂದು ನಡೆದು ಈ ಸೀಮೆಯ ರಸ್ತೆಗಳನ್ನು ತುಂಬಿದುವು: 1953ರಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಯಿಂದ ನೀರು ಎಡದಂಡೆ ಕಾಲುವೆಗೆ ಹರಿದು ಸಿಂಧನೂರು, ಮಾನವಿಗಳ ಎರೆಭೂಮಿಯಲ್ಲಿ ಭತ್ತವನ್ನು ಬೆಳೆಯಿಸಿತು, 1954ರಲ್ಲಿ ಟಾಟಾ ಸಂಸ್ಥೆಯವರು ಡೈಮ್ಲರ್-ಬೆಂಜ್ ಕಂಪನಿಯೊಡನೆ ಕೂಡಿ ಜಮ್ಶೆಡ್‌ಪುರದಲ್ಲಿ ಲಾರಿಗಳನ್ನು ನಿರ್ಮಿಸತೊಡಗಿದರು, 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಭತ್ತದ ಚೀಲವನ್ನು ಹೊತ್ತ ಲಾರಿ ಗಿರಣಿಗೆ ಹೋಗಲೇಬೇಕಾಗಿದ್ದಿತು. ದಾರಿಯಲ್ಲಿ ನಿಂತರೆ ಕಂಪನಿಯ ಎಂಜಿನಿಯರನು ಬರುವವರೆಗೆ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಮಿಸ್ತ್ರಿಯ ವಿದ್ಯೆ ಹಬ್ಬಿದುದು ಈ ಅವಸರದಿಂದ.

ಆ ವಿದ್ಯೆ ಸಂಪೂರ್ಣವಾಗಿ ಇಂದ್ರಿಯಗಳದು. ಹೊಗೆ ಕಪ್ಪಾಗಿದ್ದರೆ ಗಾಳಿ ಸಾಲದೆ ಡೀಸೆಲು ಹೆಚ್ಚಾಗಿದೆ, ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ, ಬೆಳ್ಳಗಿದ್ದು ಆರದೆ ಉಳಿದರೆ ನೀರು ಸೇರಿದೆ ಅಥವಾ ಡೀಸೆಲು ಉರಿಯದೆಯೇ ಹೋಗುತ್ತಿದೆ ಎಂದು ಕಣ್ಣೇ ತೀರ್ಪು ಕೊಡುತ್ತಿದ್ದಿತು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೊತ್ತಿ ಹಿಡಿಯನ್ನು ಕಿವಿಗಿಟ್ಟುಕೊಂಡು, ಒಳಗೆ ಬೇರಿಂಗು ಕೊರೆಯುತ್ತಿದೆಯೋ ಟ್ಯಾಪೆಟ್ಟು ಬಡಿಯುತ್ತಿದೆಯೋ ಎಂಬುದನ್ನು ಅವನು ಗ್ರಹಿಸುತ್ತಿದ್ದನು. “ಗಾಡಿ ಮಿಸ್ ಹೊಡಿಯಾಕತ್ತೈತ್ರಿ ಉಸ್ತಾದ್” ಎಂದು ಡ್ರೈವರನು ಹೇಳಿದೊಡನೆ, ಓಡುತ್ತಿರುವ ಎಂಜಿನ್ನಿನ ನೋಝಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುವುದು ಕ್ರಮ. ಸಡಿಲಿಸಿದಾಗ ಎಂಜಿನ್ನು ಇನ್ನಷ್ಟು ತಡವರಿಸಿದರೆ ಆ ಸಿಲಿಂಡರು ಜೀವಂತವಾಗಿದೆಯೆಂದು ಅರ್ಥ. ಸಡಿಲಿಸಿದರೂ ಸದ್ದಿನಲ್ಲಿ ಯಾವ ವ್ಯತ್ಯಾಸವೂ ಕಾಣದಿದ್ದರೆ ದೋಷ ಅಲ್ಲಿಯೇ. ತರ್ಕಶಾಸ್ತ್ರದ ಅನ್ವಯ-ವ್ಯತಿರೇಕಗಳನ್ನು ಓದದೆಯೇ ಅವುಗಳನ್ನು ಪಾನಾದ ತುದಿಯಲ್ಲಿ ಪ್ರಯೋಗಿಸಿದ ಈ ಜನರನ್ನು ಅವಿದ್ಯಾವಂತರೆಂದು ಕರೆಯುವುದು ನನಗೆ ಒಪ್ಪಿಗೆಯಾಗದು. ಆದರೆ ಆ ವಿದ್ಯೆಗೆ ಒಂದು ಕೊರತೆಯಿದ್ದಿತು: ಗಾಡಿಯ ಒಡೆಯನಿಗೆ ಅದು ಎಂದೂ ತಿಳಿಯುತ್ತಿರಲಿಲ್ಲ. ಉಸ್ತಾದನು ಹೇಳಿದುದೇ ರೋಗ, ಅವನು ಕೇಳಿದುದೇ ಬೆಲೆ.

ಈ ಏಕಸ್ವಾಮ್ಯವನ್ನು ಮುರಿದ, ಎಂಜಿನ್ನಿನ ದೋಷವನ್ನು ಸೂಚಿಸಲು ಸ್ಟಿಯರಿಂಗಿನ ಮುಂದಣ ಫಲಕದಲ್ಲಿ ಹೊತ್ತಿಕೊಳ್ಳುವ ಹಳದಿ ದೀಪವು ಹುಟ್ಟಿದುದಾದರೋ ಉಸ್ತಾದನ ಮೇಲಣ ಮುನಿಸಿನಿಂದಲ್ಲ, ಲಾಸ್ ಏಂಜಲೀಸ್ ನಗರದ ಹೊಗೆಮಂಜಿನಿಂದ. ಅಲ್ಲಿಯ ಜನರ ಕಣ್ಣುರಿಗೆ ಕಾರಣ ಮೋಟಾರುಗಳು ಉಗುಳುವ ಅನಿಲಗಳು ಬಿಸಿಲಿನಲ್ಲಿ ಮಾರ್ಪಡುವುದೇ ಎಂಬುದನ್ನು ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞನು 1950ರ ಆಸುಪಾಸಿನಲ್ಲಿ ತೋರಿಸಿಕೊಟ್ಟನು. ಹೊಗೆಯನ್ನು ಹತೋಟಿಯಲ್ಲಿಡಲು ಎಂಜಿನ್ನಿಗೆ ಗಣಕಯಂತ್ರವನ್ನು ಜೋಡಿಸಬೇಕಾಯಿತು. ಆ ಗಣಕವು ತನ್ನ ಅವಯವಗಳಲ್ಲಿ ಯಾವುದು ಕೆಟ್ಟಿತೆಂಬುದನ್ನು ತಾನೇ ಹೇಳಬೇಕೆಂದು ಕ್ಯಾಲಿಫೋರ್ನಿಯಾ 1988ರ ಮಾದರಿಯ ಕಾರುಗಳಿಂದ ಕಡ್ಡಾಯಮಾಡಿತು. ಒಂದೊಂದು ಕಂಪನಿ ಒಂದೊಂದು ಗೂಢಲಿಪಿಯನ್ನು ಬಳಸುತ್ತಿದ್ದುದರಿಂದ ಹೊರಗಿನವನಿಗೆ ಅದು ನಿಷ್ಪ್ರಯೋಜಕವಾಗಿದ್ದಿತು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಹದಿನಾರು ಪಿನ್ನುಗಳ ಒಂದೇ ಬಗೆಯ ಸಾಕೆಟ್ಟು, ಒಂದೇ ಬಗೆಯ ಸಂಕೇತಾವಳಿ ಇರತಕ್ಕದ್ದೆಂದು ವಿಧಿಸಿದಂದು, ದೋಷವನ್ನು ತಿಳಿಯುವ ಅಧಿಕಾರವು ಮೊದಲ ಬಾರಿಗೆ ಒಡೆಯನಿಗೂ ಲಭಿಸಿತು. ಈ ಚರಿತ್ರೆಯಲ್ಲಿ ನಾನು ಅತ್ಯಂತ ಮುಖ್ಯವೆಂದು ಬಗೆಯುವುದು ದೀಪವನ್ನಲ್ಲ, ಈ ವಿಧಿಯನ್ನು.

ನಮ್ಮಲ್ಲಿ 2000ದ ಸುಮಾರಿಗೆ ಕಾರುಗಳಿಂದ ಕಾರ್ಬೋರೇಟರು ಮರೆಯಾಗಿ, ಗಣಕದ ಹತೋಟಿಯ ಇಂಜೆಕ್ಟರು ಅದರ ಸ್ಥಾನಕ್ಕೆ ಬರತೊಡಗಿತು. ಹೊಗೆಗೆ ಮಿತಿಯನ್ನು ವಿಧಿಸುವ ಭಾರತ್ ಸ್ಟೇಜ್ 4 ನಿಯಮವು 2010ರಲ್ಲಿ 13 ನಗರಗಳಿಗೂ, 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೂ ಅನ್ವಯಿಸಿತು. 2020ರ ಏಪ್ರಿಲ್ 1ರಿಂದ ಸ್ಟೇಜ್ 6 ಜಾರಿಗೆ ಬಂದಮೇಲೆ ಹೊಸ ಮೋಟಾರುಸೈಕಲ್ಲುಗಳಿಗೂ ಸ್ಕೂಟರುಗಳಿಗೂ ದೀಪವು ಬಂದಿತು. 1985ರಲ್ಲಿ ಮೊದಲ ಘಟಕ ಉರಿಯತೊಡಗಿದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಚಿಮಣಿಗಳು ಎದುರಿಗೇ ನಿಂತಿರುವ ಜಿಲ್ಲೆಯಲ್ಲಿ, ಬಡಪಾಯಿ ಸ್ಕೂಟರಿನ ಉಸಿರಿಗೆ ಇಷ್ಟೊಂದು ಕಾವಲು ಏಕೆಂದು ಕೇಳುವವನನ್ನು ತೀರ ತಪ್ಪೆನ್ನಲಾರೆ.

ಈಗ ಬೆರಳಗಲದ ಒಂದು ಉಪಕರಣವನ್ನು ಸ್ಟಿಯರಿಂಗಿನ ಕೆಳಗಣ ಸಾಕೆಟ್ಟಿಗೆ ಸಿಕ್ಕಿಸಿ, ಮೊಬೈಲಿನಲ್ಲಿ ಸಂಕೇತವನ್ನು ಮನೆಯಂಗಳದಲ್ಲಿಯೇ ಓದಬಹುದು. ಪಿ 0301 ಎಂದು ಬಂದಿತೆನ್ನೋಣ: ಒಂದನೆಯ ಸಿಲಿಂಡರು ಮಿಸ್ ಹೊಡೆಯುತ್ತಿದೆಯೆಂದು ಇದರ ತಾತ್ಪರ್ಯ. ಏಕೆ ಹೊಡೆಯುತ್ತಿದೆಯೆಂಬುದನ್ನು ಅದು ಹೇಳದು. ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ, ಕಂಪ್ರೆಷನ್ನೋ ಕಾರಣವಾಗಿರಬಹುದು. ಆದುದರಿಂದ ಒಂದನೆಯ ಸಿಲಿಂಡರಿನ ಕಾಯಿಲನ್ನು ಕಿತ್ತು ಎರಡನೆಯದರ ಮೇಲಿಟ್ಟು, ಎರಡನೆಯದರದನ್ನು ಇಲ್ಲಿಗೆ ತಂದು, ಸಂಕೇತವನ್ನು ಅಳಿಸಿ, ಗಾಡಿಯನ್ನು ಸ್ವಲ್ಪ ಓಡಿಸಿ ನೋಡಬೇಕು. ಸಂಕೇತವು ಪಿ 0302 ಎಂದು ಬದಲಾದರೆ ದೋಷವು ಕಾಯಿಲಿನೊಡನೆಯೇ ಪ್ರಯಾಣಮಾಡಿದೆ; ಬದಲಾಗದಿದ್ದರೆ ಕಾಯಿಲು ನಿರಪರಾಧಿ, ಅದೇ ಪರೀಕ್ಷೆಯನ್ನು ಪ್ಲಗ್ಗಿನಿಂದ ಮುಂದುವರಿಸಬೇಕು. ನೋಝಲ್ ಪೈಪನ್ನು ಸಡಿಲಿಸುತ್ತಿದ್ದ ಉಸ್ತಾದನು ಇದನ್ನು ಕಂಡಿದ್ದರೆ ಹೊಸತೆನ್ನುತ್ತಿರಲಿಲ್ಲ. ಕಾರಿನಲ್ಲಿ ದೀಪವು ಸ್ಥಿರವಾಗಿ ಉರಿದರೆ ಮನೆ ಮುಟ್ಟುವ ಅವಕಾಶವಿದೆ. ಮಿನುಗತೊಡಗಿದರೆ ಮಾತ್ರ ಉರಿಯದ ಪೆಟ್ರೋಲು ಸೈಲೆನ್ಸರಿನ ಕಡೆಯ ಬೆಲೆಬಾಳುವ ಕ್ಯಾಟಲಿಸ್ಟನ್ನು ಸುಡುತ್ತಿದೆಯೆಂದು ತಿಳಿದು ಗಾಡಿಯನ್ನು ಅಲ್ಲಿಯೇ ನಿಲ್ಲಿಸುವುದು ಲೇಸು.

ವಿದ್ಯೆ ಸುಲಭವಾದಂತೆ ಅಪಪ್ರಯೋಗವೂ ಸುಲಭವಾಯಿತು. ಸಂಕೇತವನ್ನು ಅಳಿಸಿದುದೇ ದುರಸ್ತಿಯೆಂದು ಹಣ ಕೇಳುವವರಿದ್ದಾರೆ. ಬ್ಯಾಟರಿಯ ವಯರನ್ನು ಕಳಚಿ ಮರಳಿ ಸಿಕ್ಕಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ. ದೀಪವು ಕೆಲವು ದಿನ ಮೌನವಾಗಿದ್ದು ತಿರುಗಿ ಹೊತ್ತಿಕೊಳ್ಳುತ್ತದೆ. ಈ ಸೀಮೆಯಲ್ಲಿ ಉಪಕರಣಕ್ಕಿಂತ ಮೊದಲು ಕಣ್ಣಾಡಿಸಬೇಕಾದ ಎಡೆಗಳು ಎರಡು: ಎರೆಮಣ್ಣಿನ ಧೂಳು ತುಂಬಿದ ಏರ್ ಫಿಲ್ಟರು, ಬಾನೆಟ್ಟಿನೊಳಗೆ ಇಲಿ ಕಡಿದ ವಯರು. ಲಾರಿಗಳದು ಬೇರೊಂದು ಪಾಡು. ಹೊಗೆಯನ್ನು ಶುದ್ಧಿಮಾಡಲೆಂದು ಹೊಸ ಲಾರಿಗಳಲ್ಲಿಟ್ಟಿರುವ, ಶೇಕಡ 32.5ರಷ್ಟು ಶುದ್ಧ ಯೂರಿಯಾ ಬೆರೆತ ನೀರು ಬೇಕಾದ ತೊಟ್ಟಿಗೆ, ಅಗ್ಗವೆಂದು ಹೊಲದ ಯೂರಿಯಾವನ್ನೇ ಕಲಸಿ ಹೊಯ್ದರೆ, ಅದರ ಕಲ್ಮಷವು ನೋಝಲನ್ನು ಕಟ್ಟಿ, ದೀಪ ಹೊತ್ತಿ, ಕಡೆಗೆ ಎಂಜಿನ್ನು ತನ್ನ ಬಲವನ್ನು ತಾನೇ ತಗ್ಗಿಸಿಕೊಂಡು ಏರಿನಲ್ಲಿ ಏದುಸಿರುಬಿಡುತ್ತದೆ.

ಟ್ರ್ಯಾಕ್ಟರಿನ ವಿಷಯದಲ್ಲಿ ಕಾನೂನು ಸಾವಕಾಶವಾಗಿ ಹೆಜ್ಜೆಯಿಟ್ಟಿದೆ. 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆನಿಯಮವು ಅನ್ವಯಿಸಿ, ಅವುಗಳಲ್ಲಿ ಗಣಕವು ಸೇರಿಕೊಂಡಿತು. ನಮ್ಮ ರೈತರಲ್ಲಿ ಹೆಚ್ಚಿನವರು ಇಟ್ಟುಕೊಂಡಿರುವುದು ಅದಕ್ಕಿಂತ ಸಣ್ಣವನ್ನು. ಮಾನವಿಯ ಗದ್ದೆಯಲ್ಲಿ ಅಂಥದೊಂದು ನಿಂತರೆ ಇಂದಿಗೂ ಫಿಲ್ಟರಿನ ಮೇಲಣ ಸ್ಕ್ರೂವನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಗಳು ಹೋಗಿ ಬರಿಯ ಡೀಸೆಲು ಬರುವವರೆಗೂ ಕಾದು, “ಏರ್ ಹಿಡದಿತ್ತ್ರಿ, ಈಗ ಹೊಡೀರಿ ಸೆಲ್ಫು” ಎನ್ನುವ ಮನುಷ್ಯನನ್ನೇ ಕರೆತರಬೇಕು.